ಹುಲಿಗೆವ್ವನ ಅಲೆಗುರುತು

ಬೆಳಗಿನ ಆರೂವರೆಗೆ ಹಾಸ್ಟೆಲಿನ ಹುಡುಗಿಯೊಬ್ಬಳು ಗ್ರಂಥಾಲಯದ ಮೆಟ್ಟಿಲು ಹತ್ತಿದಳು. ಕೈಯಲ್ಲಿ ಚಹಾದ ಲೋಟ, ಹೆಗಲ ಮೇಲೆ ಒದ್ದೆ ಟವೆಲ್ಲು, ಕಣ್ಣಲ್ಲಿ ಇನ್ನೂ ಅರ್ಧ ನಿದ್ದೆ. ಅವಳು ನಾಲ್ಕನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಬಾಗಿಲು ಸರಿಯಿತು. ಅವಳು ದಿನವೂ ಕೂರುವ ಮೇಜಿನ ದೀಪ ಹೊತ್ತಿತು. ಹಿಂದಿನ ಸಂಜೆ ಓದಿ ನಿಲ್ಲಿಸಿದ ಪುಟ ಮೇಜಿನ ಗಾಜಿನ ಮೇಲೆ ತಾನಾಗಿ ಮೂಡಿತು. ನೀನು ಯಾರು ಎಂದು ಅವಳನ್ನು ಯಾರೂ ಕೇಳಲಿಲ್ಲ. ಅವಳು ಪಾಸ್‌ವರ್ಡ್ ಒತ್ತಲಿಲ್ಲ, ಬೆರಳಚ್ಚು ಕೊಡಲಿಲ್ಲ, ಮುಖ ತೋರಿಸಲಿಲ್ಲ. ನಡೆದು ಬಂದಳು, ಅಷ್ಟೆ.

ಇದು 2057ರ ಶ್ರಾವಣದ ಮಾತು. ಗದಗಿನಿಂದ ಪೂರ್ವಕ್ಕೆ ಒಂದು ತಾಸು ಹೋದರೆ ಎರೆಭೂಮಿ ಕಣ್ಣು ಹಾಯುವಷ್ಟು ದೂರ ಹಾಸಿಕೊಂಡಿರುತ್ತದೆ. ಅದರ ನಡುವೆ ಕಾಪಿಟ್ಟ ಹುಲ್ಲುಗಾವಲೊಂದಿತ್ತು, ಹುಲ್ಲುಗಾವಲಿನ ಅಂಚಿಗೆ ಈ ವಿಶ್ವವಿದ್ಯಾಲಯ. ಅಲ್ಲಿನ ಜಾಲ ವಿಭಾಗದ ಡಾ. ಇಂದುಮತಿ ಅಣ್ಣಿಗೇರಿಯವರಿಗೆ ಅಲೆಗುರುತಿನ ಯೋಚನೆ ಮೊದಲು ಬಂದದ್ದು ಎರಡನೆಯ ಮಹಡಿಯ ಕಿಟಕಿಯಲ್ಲಿ ನಿಂತು ಹುಲ್ಲು ನೋಡುತ್ತಿದ್ದಾಗ. ಗಾಳಿಗೆ ಹುಲ್ಲು ಒಂದು ದಿಕ್ಕಿನಿಂದ ಇನ್ನೊಂದು ದಿಕ್ಕಿಗೆ ಅಲೆಯಲೆಯಾಗಿ ಬಾಗುತ್ತಿತ್ತು. ಒಂದು ಕಡೆ ಮಾತ್ರ ಆ ಅಲೆ ಮುರಿಯುತ್ತ, ಮುರಿದ ಜಾಗ ಮುಂದೆ ಮುಂದೆ ಸರಿಯುತ್ತಿತ್ತು. ಒಳಗೆ ನರಿ ನಡೆಯುತ್ತಿತ್ತು. ನರಿಯ ಒಂದು ಕೂದಲೂ ಕಾಣುತ್ತಿರಲಿಲ್ಲ. ಆದರೂ ಅದು ನರಿಯೇ, ನಾಯಿಯಲ್ಲ ಎಂದು ಅವರಿಗೆ ಗೊತ್ತಾಯಿತು. ಹೇಗೆ ಗೊತ್ತಾಯಿತು ಎಂದು ತಮ್ಮನ್ನೇ ಕೇಳಿಕೊಳ್ಳುತ್ತ ಅವರು ಎರಡು ವರ್ಷ ಕಳೆದರು.

ನಿಸ್ತಂತು ಜಾಲವೆಂದರೆ ನಮ್ಮ ಸುತ್ತ ತುಂಬಿ ನಿಂತ ರೇಡಿಯೋ ಅಲೆಗಳು. ಮನುಷ್ಯನ ಮೈಯ ಬಹುಪಾಲು ನೀರು. ನೀರು ಈ ಅಲೆಗಳನ್ನು ಒಂದಿಷ್ಟು ನುಂಗುತ್ತದೆ, ಒಂದಿಷ್ಟು ಚೆದುರಿಸುತ್ತದೆ. ಹಾಗಾಗಿ ನಾವು ಪಡಸಾಲೆಯಲ್ಲಿ ನಡೆದರೆ ಮೊಣಕಾಲುದ್ದ ನೀರಿನ ಕೆರೆಯಲ್ಲಿ ನಡೆದ ಹಾಗೆ ಸುತ್ತ ಕದಡುತ್ತದೆ. ಒಬ್ಬರ ಕದಡು ಇನ್ನೊಬ್ಬರದರಂತಿರುವುದಿಲ್ಲ. ಹಿಮ್ಮಡಿ ಊರುವ ರೀತಿ, ಕೈ ಬೀಸುವ ಅಗಲ, ಉಸಿರಿನ ಉದ್ದ, ಹೆಗಲಿನ ಓರೆ ಎಲ್ಲವೂ ಅದರಲ್ಲಿ ಬರೆದಿರುತ್ತದೆ; ಅದೇ ಅಲೆಗುರುತು. ಚಾವಣಿಯಲ್ಲಿ ಅಡಗಿಸಿಟ್ಟ, ಅಲೆ ಹಿಡಿಯುವ ಗ್ರಾಹಕಗಳು ಅದನ್ನು ಓದುತ್ತಿದ್ದವು. ಹೊಸಬರು ಮೂರು ದಿನ ಆವರಣದಲ್ಲಿ ಓಡಾಡಿದರೆ ಸಾಕು, ಜಾಲ ಅವರನ್ನು ಕಲಿತುಬಿಡುತ್ತಿತ್ತು. ಆಮೇಲೆ ಅವರು ಎಲ್ಲಿ ನಡೆದರೂ ಅವರ ಪಾಲಿನ ಜಾಲ ಅವರ ಜೊತೆಗೇ ನಡೆಯುತ್ತಿತ್ತು.

ಆದರೆ ಗುರುತು ಹಿಡಿಯುವುದು ಅರ್ಧ ಕೆಲಸ ಮಾತ್ರ. ಇನ್ನರ್ಧ, ಗುರುತು ಸಿಕ್ಕವರನ್ನು ಎಲ್ಲಿಯವರೆಗೆ ಬಿಡಬೇಕು ಎಂಬುದು. ಅದಕ್ಕಾಗಿ ಇಂದುಮತಿ ಜಾಲವನ್ನು ಓಣಿಗಳಾಗಿ ಒಡೆದಿದ್ದರು. ವಿದ್ಯಾರ್ಥಿಗಳದೊಂದು ಓಣಿ, ಅಧ್ಯಾಪಕರದೊಂದು, ಪಂಪು ಮತ್ತು ದೀಪಗಳದೊಂದು, ಪ್ರಯೋಗಾಲಯದ ಯಂತ್ರಗಳದೊಂದು, ಯಾರೆಂದು ತಿಳಿಯದವರಿಗೆ ಅತಿಥಿ ಓಣಿ. ಒಂದು ಓಣಿಯಲ್ಲಿ ಕಳ್ಳ ಹೊಕ್ಕರೂ ಗೋಡೆ ಹಾರಿ ಇನ್ನೊಂದಕ್ಕೆ ಹೋಗಲಾರ. ಇದನ್ನು ಸಿಬ್ಬಂದಿಗೆ ವಿವರಿಸಿದ ದಿನ ಮೊಟ್ಟೆಮನೆಯಲ್ಲಿ ಹಕ್ಕಿಮೊಟ್ಟೆ ನೋಡಿಕೊಳ್ಳುವ ಹುಲಿಗೆವ್ವ ತಳವಾರ ಎದ್ದು ನಿಂತು, “ನಮ್ಮ ಓಣಿ ಈ ಸಲಾನೂ ಊರ ಹೊರಗೇನ್ರೀ ಅಕ್ಕಾರ?” ಎಂದು ಕೇಳಿದ್ದಳು. ಎಲ್ಲರೂ ನಕ್ಕರು. ಆ ಪ್ರಶ್ನೆ ಬಹಳ ದಿನ ಇಂದುಮತಿಯವರ ಜೊತೆಗೇ ಉಳಿಯಿತು.

ನಿಜ ಹೇಳಬೇಕೆಂದರೆ ಇಷ್ಟೆಲ್ಲ ಕಟ್ಟಿದ್ದೇ ಆ ಮೊಟ್ಟೆಮನೆಗಾಗಿ. ಎರ್ಲಡ್ಡು ಎಂಬ ಹುಲ್ಲುಗಾವಲಿನ ದೊಡ್ಡ ಹಕ್ಕಿ ಹೊರಗೆಲ್ಲೂ ಕಾಣದಂತಾಗಿ, ಉಳಿದ ಕೆಲವು ಜೋಡಿಗಳ ಮೊಟ್ಟೆಗಳನ್ನು ಇಲ್ಲಿ ಕಾವು ಪೆಟ್ಟಿಗೆಯಲ್ಲಿಟ್ಟು ಮರಿ ಮಾಡುತ್ತಿದ್ದರು. ಎಂಟು ವರ್ಷದ ಹಿಂದೆ, ಎಲ್ಲ ಯಂತ್ರಗಳೂ ಒಂದೇ ಜಾಲದಲ್ಲಿದ್ದ ಕಾಲದಲ್ಲಿ, ಹೊರಗಿನ ಯಾರೋ ಕ್ಯಾಂಟೀನಿನ ಚಹಾ ಯಂತ್ರದ ಮೂಲಕ ಒಳಹೊಕ್ಕು, ಮೇಲಧಿಕಾರಿಯೊಬ್ಬರ ಪಾಸ್‌ವರ್ಡ್ ಕದ್ದು, ಕೈಗೆ ಸಿಕ್ಕ ಸ್ವಿಚ್ಚನ್ನೆಲ್ಲ ಆರಿಸಿಬಿಟ್ಟಿದ್ದರು. ಹದಿನೇಳು ಮೊಟ್ಟೆ ತಣ್ಣಗಾದವು. ಹುಲಿಗೆವ್ವ ಅವನ್ನು ಒಂದೊಂದಾಗಿ ಎರೆಮಣ್ಣಿನಲ್ಲಿ ಹೂಳುವುದನ್ನು ಇಂದುಮತಿ ದೂರದಿಂದ ನೋಡಿದ್ದರು. ಅದಕ್ಕೇ ಅಲೆಗುರುತಿಗೆ ಅವರು, ಗುರುತಿಲ್ಲದೆಯೂ ಬಾಗಿಲು ತೆರೆಯುವ ಎರಡನೆಯ ಕೀಲಿ ಇಡಲಿಲ್ಲ. ಕುಲಪತಿಗಳಿಗೂ ಇಲ್ಲ, ತಮಗೂ ಇಲ್ಲ. ಮೊಟ್ಟೆಮನೆಯ ಓಣಿಗೆ ಇಬ್ಬರೇ ಒಡೆಯರು, ಹಕ್ಕಿ ವಿಜ್ಞಾನಿ ಡಾ. ಮಕ್ತುಂಸಾಬ ನದಾಫ ಮತ್ತು ಹುಲಿಗೆವ್ವ. ಗುರುತಿಲ್ಲದ ಮೈಯೊಂದು ಆ ಕೋಣೆಯೊಳಗೆ ಹೆಜ್ಜೆ ಇಟ್ಟರೆ ಪೆಟ್ಟಿಗೆಗಳು ತಾವೇ ಬೀಗ ಹಾಕಿಕೊಂಡು ಯಾರ ಮಾತನ್ನೂ ಕೇಳದೆ ಕುಳಿತುಬಿಡುತ್ತಿದ್ದವು.

ಆ ಶ್ರಾವಣದ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನದಾಫರು ಫೋನು ಮಾಡಿ, ಜಾಲ ಹುಲಿಗೆವ್ವನನ್ನು ಒಳಗೆ ಬಿಡುತ್ತಿಲ್ಲ, ಕೂಡಲೇ ಬನ್ನಿ ಎಂದರು. ಹುಲಿಗೆವ್ವನ ಗಂಡ ಯಮನೂರಪ್ಪ, ಆವರಣದ ನೀರಿನ ಪಂಪು ನೋಡಿಕೊಳ್ಳುತ್ತಿದ್ದವನು, ಜ್ಯೇಷ್ಠದಲ್ಲಿ ತೀರಿಕೊಂಡಿದ್ದ. ಅವಳು ತಂಗಿಯ ಊರಿನಲ್ಲಿ ಒಂದು ತಿಂಗಳ ಮೇಲೆ ಎಂಟು ದಿನ ಇದ್ದು ಅಂದೇ ಕೆಲಸಕ್ಕೆ ಬಂದಿದ್ದಳು. ಒಳಗೆ ಮೂರು ಮೊಟ್ಟೆಗಳಿದ್ದವು. ಮೂರಕ್ಕೂ ಅದು ಕಾವಿನ ಕೊನೆಯ ದಿನ.

ಇಂದುಮತಿ ಹೋದಾಗ ಹುಲಿಗೆವ್ವ ಮೊಟ್ಟೆಮನೆಯ ಉದ್ದನೆಯ ಪಡಸಾಲೆಯ ಕಲ್ಲುಬೆಂಚಿನ ಮೇಲೆ ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಬಾಗಿಲ ಪಕ್ಕದ ತೆರೆ ಅವಳನ್ನು ಅತಿಥಿ ಓಣಿಗೆ ಹಾಕಿ, ಬಹಳ ವಿನಯದಿಂದ ಸ್ವಾಗತ ಕೋರಿ, ಬಸ್ಸಿನ ಸಮಯ ಮತ್ತು ಅಂದಿನ ತಿಂಡಿಯ ಪಟ್ಟಿ ತೋರಿಸುತ್ತಿತ್ತು.

“ಇಪ್ಪತ್ತೆರಡು ವರ್ಷ ಆತ್ರೀ ಇಲ್ಲಿ,” ಎಂದಳು ಹುಲಿಗೆವ್ವ. “ಈಗ ನನಗ ಕ್ಯಾಂಟೀನ್ ಎಲ್ಲೈತಿ ಅಂತ ಹೇಳಿಕೊಡಾಕತ್ತೈತಿ ನೋಡ್ರೀ.”

ಗಾಜಿನ ಗೋಡೆಯ ಆಚೆ ನದಾಫರು ಮೊಟ್ಟೆಯೊಂದನ್ನು ಕಿವಿಗೆ ಹಿಡಿದು ನಿಂತಿದ್ದರು. ಮೊಟ್ಟೆ ಒಡೆಯುವ ದಿನದ ಸೂಕ್ಷ್ಮವನ್ನು ಇಂದುಮತಿಗೆ ತಿಳಿಸಿದವರೇ ಅವರು. ಮರಿ ಮೊದಲು ಮೊಟ್ಟೆಯೊಳಗಿನ ಪೊರೆ ಹರಿದು ಅಲ್ಲಿರುವ ಚೂರು ಗಾಳಿಯಲ್ಲಿ ಉಸಿರಾಡಲು ಕಲಿಯುತ್ತದೆ, ಚಿಪ್ಪು ಒಡೆಯುವುದು ಆಮೇಲೆ. ಆ ಉಸಿರು ಶುರುವಾದ ಕೂಡಲೇ ಪೆಟ್ಟಿಗೆಯ ತೇವ ಹೆಚ್ಚಿಸಬೇಕು. ಮುಂಚೆ ಹೆಚ್ಚಿಸಿದರೆ ಮರಿ ಒಳಗಿನ ನೀರಿನಲ್ಲೇ ಮುಳುಗುತ್ತದೆ. ತಡವಾದರೆ ಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ. ಪುಸ್ತಕದಲ್ಲಿ ಇದಕ್ಕೆ ಗಂಟೆಗಳ ಲೆಕ್ಕವಿತ್ತು. ಹೋದ ವರ್ಷ ಹುಲಿಗೆವ್ವ ಜ್ವರದಿಂದ ಮಲಗಿದ್ದಾಗ ನದಾಫರು ಆ ಲೆಕ್ಕದಂತೆ ಮಾಡಿ ಎರಡು ಮರಿ ಕಳೆದುಕೊಂಡಿದ್ದರು. ಹುಲಿಗೆವ್ವ ಪುಸ್ತಕ ನೋಡುತ್ತಿರಲಿಲ್ಲ. ಮೊಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದಳು.

“ನಾನೂ ಕಿವಿ ಹಚ್ಚಿ ಕೇಳಿದೆ ಮೇಡಂ,” ಎಂದು ನದಾಫರು ಗೋಡೆಯ ಮಾತುಪೆಟ್ಟಿಗೆಯಲ್ಲಿ ಹೇಳಿದರು. “ನನಗ ಕೇಳೂದು ನನ್ನ ಎದಿ ಬಡಿತ ಮಾತ್ರ.” ಒಂದು ಕ್ಷಣಕ್ಕೆ ಹೊರಗೆ ತಂದು ಅವಳ ಕೈಗೆ ಕೊಡಲೇ ಎಂದೂ ಕೇಳಿದರು. ಹೊರಗಿನ ಗಾಳಿ ತಾಗಿದರೆ ಪೊರೆ ಅಲ್ಲೇ ಒಣಗುತ್ತದೆ, ತರಬೇಡಿರೆಂದು ಹುಲಿಗೆವ್ವ ಕೈಯಾಡಿಸಿದಳು.

ಇಂದುಮತಿ ಬೆಂಚಿನ ಮೇಲೆ ಅವಳ ಪಕ್ಕ ಕುಳಿತು ತಮ್ಮ ಕೈಗಣಕದ ಫಲಕ ಬಿಚ್ಚಿದರು. ಹೊಸದಾಗಿ ಕಲಿಸಲು ಮೂರು ದಿನ ಬೇಕು. ಮೊಟ್ಟೆಗಳಿಗೆ ಮೂರು ತಾಸು ಇತ್ತೋ ಇಲ್ಲವೋ. ಗ್ರಾಹಕಗಳನ್ನು ಆರಿಸಿದರೆ ಪೆಟ್ಟಿಗೆಗಳು ಬೀಗ ಹಾಕಿಕೊಳ್ಳುತ್ತವೆ. ತಾವೇ ಕಟ್ಟಿದ ಗೋಡೆಯ ಸುತ್ತ ಅವರು ಮನಸ್ಸಿನಲ್ಲೇ ಒಂದು ಸುತ್ತು ಬಂದರು. ಎಲ್ಲೂ ಬಿರುಕಿರಲಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದಕ್ಕೆ ಅವರಿಗೆ ಜೀವನದಲ್ಲಿ ಮೊದಲ ಸಲ ನಾಚಿಕೆಯಾಯಿತು.

ಫಲಕದ ಮೇಲೆ ಎರಡು ಗೆರೆಗಳಿದ್ದವು. ಮೇಲಿನದು ಹುಲಿಗೆವ್ವನ ಹಳೆಯ ಅಲೆ, ಕೆಳಗಿನದು ಅಂದಿನದು. ಎರಡೂ ನೂರಕ್ಕೆ ತೊಂಬತ್ತಾರು ಹೊಂದಬೇಕು, ಹೊಂದಿದ್ದು ಎಪ್ಪತ್ತೊಂದು. ಉಸಿರು ಅದೇ, ಹೆಗಲು ಅದೇ, ಕೈಬೀಸೂ ಅದೇ. ನಡಿಗೆ ಮಾತ್ರ ಬೇರೆಯವರದು. ಹಳೆಯ ಗೆರೆಯಲ್ಲಿ ಪ್ರತಿ ಎರಡು ಹೆಜ್ಜೆಗೊಮ್ಮೆ ಒಂದು ಚಿಕ್ಕ ಬಿಡುವಿತ್ತು, ಸೆಕೆಂಡಿನ ಐದರಲ್ಲೊಂದು ಪಾಲು. ಅವರು ಅವಳ ರಜೆಗೆ ಮುಂಚಿನ ತಿಂಗಳು ನೋಡಿದರು, ಹಿಂದಿನ ವರ್ಷ ನೋಡಿದರು. ಆರು ವರ್ಷವೂ ಆ ಬಿಡುವು ತಪ್ಪಿರಲಿಲ್ಲ. ನೋಂದಣಿಯ ದಿನವೇ ಅದು ಅವರ ಕಣ್ಣಿಗೆ ಬಿದ್ದಿತ್ತು. ಪಕ್ಕದಲ್ಲಿ ಅವರದೇ ಷರಾ ಇತ್ತು: ‘ಸಹಜ ಲಕ್ಷಣ’. ಅಂದಿನ ಗೆರೆಯಲ್ಲಿ ಬಿಡುವಿರಲಿಲ್ಲ. ಹೆಜ್ಜೆಗಳು ಒಂದರ ಹಿಂದೊಂದು ಸಲೀಸಾಗಿ ಬಂದಿದ್ದವು.

“ಹುಲಿಗೆವ್ವ, ನಡೆಯುವಾಗ ನಡುನಡುವೆ ತಡೀತಿದ್ರಿ ನೀವು. ಮೊಣಕಾಲು ನೋವಿತ್ತೇನು?”

“ನನ್ನ ಮೊಣಕಾಲಿಗೇನಾಗೇತ್ರೀ, ಕಲ್ಲಿದ್ದಂಗದಾವು.” ಹುಲಿಗೆವ್ವ ಬುತ್ತಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ಹೇಳಿದಳು. “ಅವರ ಎಡಗಾಲು ಗಿಡ್ಡ ಇತ್ತಲ್ರೀ. ಅದನ್ನ ಎತ್ತಿ ಇಡೂತನಕ ನಿಲ್ತಿದ್ದೆ.”

ಇಂದುಮತಿಗೆ ಎಲ್ಲ ಕಣ್ಣ ಮುಂದೆ ಬಂತು. ಪಂಪುಮನೆ ಮೊಟ್ಟೆಮನೆಯಿಂದ ಮುಂದಿತ್ತು. ಗಂಡ ಹೆಂಡತಿ ದಿನಾ ಬೆಳಿಗ್ಗೆ ವಸತಿಯಿಂದ ಜೊತೆಯಾಗಿ ಬರುತ್ತಿದ್ದರು. ಅವಳನ್ನು ಈ ಬಾಗಿಲವರೆಗೆ ಬಿಟ್ಟು ಅವನು ಮುಂದೆ ಹೋಗುತ್ತಿದ್ದ. ಮಧ್ಯಾಹ್ನ ಇದೇ ಬೆಂಚಿನ ಮೇಲೆ ಇಬ್ಬರೂ ರೊಟ್ಟಿ ಬಿಚ್ಚುತ್ತಿದ್ದರು, ಸಂಜೆ ಅವನೇ ಬಂದು ಕರೆದೊಯ್ಯುತ್ತಿದ್ದ. ನಡಿಗೆ ಓದುವಷ್ಟು ಉದ್ದದ ಜಾಗ ಮೊಟ್ಟೆಮನೆಯೊಳಗೆ ಇರಲಿಲ್ಲ; ಜಾಲ ಅವಳು ಒಂಟಿಯಾಗಿ ನಡೆದದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಎರಡು ಮೈಗಳ ಅಲೆಗಳನ್ನು ಬೇರ್ಪಡಿಸುವ ಗಣಿತ ಬರೆಯಲು ಇಂದುಮತಿ ಒಂದು ವರ್ಷ ತೆಗೆದುಕೊಂಡಿದ್ದರು, ಅದಕ್ಕಾಗಿ ಬಹುಮಾನವೂ ಬಂದಿತ್ತು. ಆ ಗಣಿತ ಯಮನೂರಪ್ಪನನ್ನು ಅವಳಿಂದ ಪೂರ್ತಿ ಬೇರ್ಪಡಿಸಿತ್ತು. ಅವನಿಗಾಗಿ ಅವಳು ಕಾಯುತ್ತಿದ್ದ ಹೊತ್ತು ಮಾತ್ರ ಅವಳಲ್ಲೇ ಉಳಿದಿತ್ತು.

ಮೊದಲಿನ ಹಾಗೆ ನಡೆದು ನೋಡಿ ಎಂದರು. ಹುಲಿಗೆವ್ವ ಎದ್ದು ಪಡಸಾಲೆಯ ತುದಿಗೆ ಹೋಗಿ ನಡೆದು ಬಂದಳು. ಎಪ್ಪತ್ತನಾಲ್ಕು. ಇನ್ನೊಮ್ಮೆ, ಎಣಿಸುತ್ತ ಎಣಿಸುತ್ತ. ಎಪ್ಪತ್ತಮೂರು. ಮೂರನೆಯ ಸಲ ನಡುವೆಯೇ ನಿಂತುಬಿಟ್ಟಳು.

“ನಿಲ್ಲಾಕ ಬರವಲ್ದರೀ ಅಕ್ಕಾರ,” ಎಂದಳು. “ಯಾರ ಸಲುವಾಗಿ ನಿಲ್ಲಲಿ?”

ನದಾಫರು ಗಾಜು ತಟ್ಟಿದರು. ಮೊದಲ ಮೊಟ್ಟೆ ಅಲುಗಾಡತೊಡಗಿತ್ತು. ಹೊರಗೆ ಹುಲ್ಲುಗಾವಲಿನ ಮೇಲೆ ಮೋಡದ ನೆರಳು ನಿಧಾನವಾಗಿ ಸರಿದು ಹೋಗುತ್ತಿತ್ತು; ಪಡಸಾಲೆಯ ಕಲ್ಲು ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಇಂದುಮತಿ ಬಗ್ಗಿ ತಮ್ಮ ಎಡಗಾಲಿನ ಚಪ್ಪಲಿ ಬಿಚ್ಚಿ ಬೆಂಚಿನ ಕೆಳಗಿಟ್ಟರು. ದಪ್ಪ ಅಟ್ಟೆಯ ಚಪ್ಪಲಿ ಅದು. ಬಲಗಾಲಿಗೆ ಚಪ್ಪಲಿ, ಎಡಗಾಲು ಬರಿದು. ಹಾಗೆಯೇ ಪಡಸಾಲೆಯ ತುದಿಗೆ ಹೋಗಿ, ಹುಲಿಗೆವ್ವನ ಎಡಕ್ಕೆ ನಿಂತು, ಬನ್ನಿ ಎಂದರು.

ಹತ್ತು ಹೆಜ್ಜೆ ನಡೆದದ್ದೇ ಹುಲಿಗೆವ್ವನಿಗೆ ನಗು ಬಂತು. ಒಂದು ತಿಂಗಳಿಂದ ನಗದವಳ ನಗು, ಅವಳಿಗೇ ಗಾಬರಿಯಾಗುವಂತೆ ಬಂತು.

“ಹಂಗಲ್ರೀ. ನೀವು ಮುಳ್ಳು ಚುಚ್ಚಿದವರಂಗ ನಡೀತೀರಿ. ಅವರು ಮೊದಲ ಸೊಂಟ ಎತ್ತತಿದ್ರು, ಆಮ್ಯಾಲೆ ಕಾಲು. ಅವಸರ ಇರತಿರಲಿಲ್ಲ. ಪಂಪೇನು ಓಡಿಹೋಗತೈತೇನು ಅಂತಿದ್ರು.”

ಎರಡನೆಯ ಸಲ ಇಂದುಮತಿ ಮೊದಲು ಸೊಂಟ ಎತ್ತಿದರು. ಅರ್ಧ ದಾರಿಯಲ್ಲಿ ಹುಲಿಗೆವ್ವನ ಕೈ, ಅವಳಿಗೆ ತಿಳಿಯದಂತೆ, ಅವರ ಮೊಣಕೈ ಕೆಳಗೆ ಬಂದು ನಿಂತಿತು. ಎರಡು ಹೆಜ್ಜೆ, ಒಂದು ಬಿಡುವು. ಎರಡು ಹೆಜ್ಜೆ, ಒಂದು ಬಿಡುವು. ಈಗಿಲ್ಲದ ಒಬ್ಬ ಮನುಷ್ಯನ ಜಾಗದಲ್ಲಿ ತಾವು ನಡೆಯುತ್ತಿದ್ದೇವೆ, ಆ ಜಾಗ ಅವನ ಅಳತೆಗೆ ಸರಿಯಾಗಿ ಇನ್ನೂ ಖಾಲಿ ಉಳಿದಿದೆ ಎಂದು ಅವರಿಗೆ ಅನ್ನಿಸಿತು. ಬಾಗಿಲ ಹತ್ತಿರ ಬಂದಾಗ ತೆರೆಯ ಮೇಲಿನ ತಿಂಡಿಯ ಪಟ್ಟಿ ಮಾಯವಾಯಿತು. ಅಲ್ಲಿ ಹೆಸರು ಮೂಡಿತು: ಹುಲಿಗೆವ್ವ ಯಮನೂರಪ್ಪ ತಳವಾರ. ಬಾಗಿಲು ಎಂದಿನ ಮೆಲುಸದ್ದಿನಲ್ಲಿ ಸರಿಯಿತು.

ಅವಳು ಒಳಗೆ ಹೋದಳು. ಇಂದುಮತಿ ಹೋಗುವಂತಿರಲಿಲ್ಲ; ಅದು ಅವರ ಓಣಿಯಲ್ಲ. ಒಂದೇ ಚಪ್ಪಲಿಯಲ್ಲಿ ಗಾಜಿಗೆ ಹಣೆ ಒತ್ತಿ ನಿಂತು ನೋಡಿದರು. ಹುಲಿಗೆವ್ವ ಕೈ ತೊಳೆದು, ಒರೆಸಿ, ಮೊಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಪುಸ್ತಕದ ಲೆಕ್ಕದಲ್ಲಿ ತೇವ ಹೆಚ್ಚಿಸುವ ಹೊತ್ತು ಆಗಲೇ ಬಂದಿತ್ತು. ನದಾಫರ ಬೆರಳು ಗುಂಡಿಯ ಮೇಲಿತ್ತು. ಅವಳು ಬೇಡವೆಂದು ತಲೆಯಾಡಿಸಿದಳು. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಅವಳು ಒಂದೊಂದನ್ನೇ ಎತ್ತಿ ಕೇಳುವಳು, ಇಡುವಳು. ಕೋಣೆಯೊಳಗಿನ ಮಬ್ಬು ಬೆಳಕಿನಲ್ಲಿ ಅವಳು ಯಾರದೋ ಗುಟ್ಟಿನ ಮಾತಿಗೆ ಕಿವಿಗೊಟ್ಟಂತೆ ಕಾಣುತ್ತಿದ್ದಳು. ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಅವಳ ಹುಬ್ಬು ಏರಿತು.

“ಉಸಿರು ಬಂತ್ರೀ ಸಾಹೇಬ್ರ. ಈಗ ಕೊಡ್ರೀ.”

ಮೂರು ಗಂಟೆಗೆ ಮೊದಲ ಮರಿ ಹೊರಬಂದು, ಒದ್ದೆ ಹುಲ್ಲಿನ ಉಂಡೆಯಂತೆ ಬಿದ್ದುಕೊಂಡಿತು. ಎರಡನೆಯದು ಮರುದಿನ ಬೆಳಿಗ್ಗೆ ಬಂತು. ಮೂರನೆಯದು ಮಾತಾಡಲೇ ಇಲ್ಲ. ಹುಲಿಗೆವ್ವ ಅದನ್ನು ಹದಿನೇಳರ ಪಕ್ಕದಲ್ಲಿ ಹೂಳಿದಳು.

ಆ ವಾರವೇ ಇಂದುಮತಿ ಸಮಿತಿಗೆ ಪತ್ರ ಬರೆದು, ಅಲೆಗುರುತನ್ನು ಮೋಸಗೊಳಿಸಬಹುದು, ಮೋಸಗೊಳಿಸಿದವಳು ನಾನೇ ಎಂದು ಒಪ್ಪಿಕೊಂಡರು. ಸಭೆಯಲ್ಲಿ ಬಿಸಿಬಿಸಿ ಮಾತಾಯಿತು. ಎರಡನೆಯ ಕೀಲಿಯೊಂದನ್ನು ಮಾಡಿ ಕುಲಪತಿಗಳ ಕೈಲಿಡೋಣ ಎಂದರು ಹಲವರು. ಹೊಂದಿಕೆಯ ಮಿತಿಯನ್ನು ಎಪ್ಪತ್ತಕ್ಕೆ ಇಳಿಸೋಣ ಎಂದರು ಕೆಲವರು. ಹಾಗಾದರೆ ನನ್ನ ತಮ್ಮನೂ ನನ್ನ ಹೆಸರಿನಲ್ಲಿ ಬಂದು ಪಾಠ ಮಾಡಿಹೋದಾನು, ವಿದ್ಯಾರ್ಥಿಗಳಿಗೆ ಒಳ್ಳೆಯದೇ ಆದೀತು ಎಂದರು ನದಾಫರು. ಇಂದುಮತಿ ಬೇರೊಂದು ದಾರಿ ತೋರಿಸಿದರು. ಜಾಲಕ್ಕೆ ಯಾರದೇ ಗುರುತು ಹತ್ತದಿದ್ದರೆ ಅದು ಅವರನ್ನು ತಳ್ಳುವ ಮೊದಲು ಹತ್ತಿರದಲ್ಲಿರುವ, ಗುರುತು ಸಿಕ್ಕ ಇಬ್ಬರನ್ನು ಕೇಳಬೇಕು: ಇವರು ನಿಮಗೆ ಗೊತ್ತೇ? ದೂರದಿಂದ ಹೂಂ ಎಂದರೆ ಸಾಲದು. ಆ ಇಬ್ಬರೂ ಬಂದು ಅವರ ಜೊತೆ ಬಾಗಿಲವರೆಗೆ ನಡೆಯಬೇಕು.

ಅಲೆಗುರುತು ಈ ಹೊಸ ನಿಯಮದೊಂದಿಗೆ ಆವರಣ ದಾಟಿ ಆಸ್ಪತ್ರೆಗಳಿಗೆ, ಕಚೇರಿಗಳಿಗೆ, ರೈಲು ನಿಲ್ದಾಣಗಳಿಗೆ ಹೋಯಿತು. ಕಾಲು ಮುರಿದವರು, ಏಳು ತಿಂಗಳ ಬಸುರಿಯರು, ದುಃಖದಲ್ಲಿದ್ದವರು, ಒಂದೇ ಚಳಿಗಾಲದಲ್ಲಿ ಮುದುಕರಾದವರು ಬಾಗಿಲ ಮುಂದೆ ನಿಂತರೆ ಯಾರೋ ಇಬ್ಬರು ಕೆಲಸ ಬಿಟ್ಟು ಎದ್ದು ಬರುವುದು ರೂಢಿಯಾಯಿತು. ಪಕ್ಕದ ಮೇಜಿನವರ ಹೆಸರು ತಿಳಿಯದೆ ಹತ್ತು ವರ್ಷ ಕಳೆದವರು ಈಗ ಕೇಳಿ ತಿಳಿದುಕೊಂಡರು. ನಾಳೆ ತಮಗೂ ಬೇಕಾಗಬಹುದಲ್ಲ.

ಆದರೆ ಯಾರೂ ನಿರೀಕ್ಷಿಸದ ಇನ್ನೊಂದು ಸಂಗತಿ ಹೊರಬಿತ್ತು. ವಿಶ್ವವಿದ್ಯಾಲಯದಲ್ಲೇ ಮೊದಲ ವರ್ಷ ನಲವತ್ತೊಂದು ಮಂದಿಗಾಗಿ ಜಾಲ ಕೇಳಿತು, ಯಾರೂ ಬರಲಿಲ್ಲ. ಕಳ್ಳರಲ್ಲ ಅವರು. ಅಲ್ಲೇ ಓದುತ್ತಿದ್ದವರು, ಕಲಿಸುತ್ತಿದ್ದವರು, ಒಬ್ಬರಂತೂ ನಿವೃತ್ತಿಗೆ ಒಂದು ವರ್ಷ ಇದ್ದ ಪ್ರಾಧ್ಯಾಪಕರು. ಅತಿಥಿ ಓಣಿಯಲ್ಲಿ ನಿಂತು ತಿಂಡಿಯ ಪಟ್ಟಿ ಓದುತ್ತಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚಲು ಹೊರಬರುತ್ತಿದ್ದ ಹುಲಿಗೆವ್ವನ ಕಣ್ಣಿಗೆ ಅಂಥವರು ಬೀಳುತ್ತಿದ್ದರು. ಅವಳು ನದಾಫರನ್ನೂ ಎಬ್ಬಿಸಿಕೊಂಡು ಹೋಗಿ ಅವರ ಜೊತೆ ನಡೆಯುತ್ತಿದ್ದಳು. ಹೆಸರು ಗೊತ್ತಿಲ್ಲದಿದ್ದರೆ ದಾರಿಯಲ್ಲಿ ಕೇಳುತ್ತಿದ್ದಳು, ಊರು ಕೇಳುತ್ತಿದ್ದಳು, ಉಂಡಿರಾ ಎಂದು ಕೇಳುತ್ತಿದ್ದಳು; ಬಾಗಿಲು ಮುಟ್ಟುವಷ್ಟರಲ್ಲಿ ಅವರು ಗೊತ್ತಿದ್ದವರೇ ಆಗಿರುತ್ತಿದ್ದರು. ಇದು ನಿಯಮಕ್ಕೆ ವಿರುದ್ಧವಾಗಿತ್ತು. ತಿಂಗಳ ತಪಾಸಣೆಯಲ್ಲಿ ಇಂದುಮತಿ ಅದನ್ನು ಕಂಡರು, ಬಹಳ ಹೊತ್ತು ಯೋಚಿಸಿದರು, ಪಕ್ಕದಲ್ಲಿ ‘ಸಹಜ ಲಕ್ಷಣ’ ಎಂದು ಷರಾ ಬರೆದರು.

ಅಂದೇ ಸಂಜೆ ಅವರು ತಮ್ಮ ಸ್ವಂತ ಗೆರೆಯನ್ನು ಮೊದಲ ಬಾರಿಗೆ ತೆಗೆದು ನೋಡಿದರು. ಏಳು ವರ್ಷದ ಗೆರೆ. ಜಾಲ ಅವರನ್ನು ಒಮ್ಮೆಯೂ ಗುರುತಿಸದೆ ಬಿಟ್ಟಿರಲಿಲ್ಲ. ಹೊಂದಿಕೆ ಸದಾ ತೊಂಬತ್ತೊಂಬತ್ತರ ಮೇಲೆ. ಹೆಜ್ಜೆಗಳು ಹೊಲಿಗೆ ಹಾಕಿದಂತೆ ಸಮನಾಗಿದ್ದವು. ಅವರು ಯಾರಿಗಾಗಿಯೂ ತಡೆದಿರಲಿಲ್ಲ, ಯಾರ ಜೊತೆಗೂ ಬೇಗ ನಡೆದಿರಲಿಲ್ಲ. ಶ್ರಾವಣದ ಆ ಸೋಮವಾರ ಮಾತ್ರ ಗೆರೆ ಸೊಟ್ಟಗಾಗಿತ್ತು. ಜಾಲ ಅಲ್ಲಿ, ಈ ನಲವತ್ತು ಹೆಜ್ಜೆ ಯಾರವೆಂದು ತಿಳಿಯದು, ಅಳಿಸಬಹುದೇ ಎಂದು ಕೇಳಿತ್ತು. ಪ್ರಶ್ನೆ ಉತ್ತರವಿಲ್ಲದೆ ಹಾಗೇ ಉಳಿದಿತ್ತು. ಅವರು ಬೇಡ ಎಂದು ಒತ್ತಿ, ದೀಪ ಆರಿಸಿ, ಹುಲಿಗೆವ್ವ ಮನೆಗೆ ಹೊರಡುವ ಹೊತ್ತಾಯಿತೇ ಎಂದು ಕಿಟಕಿಯಿಂದ ಬಗ್ಗಿ ನೋಡಿದರು.

ಆ ಕಾಲ ಇನ್ನೂ ಬಂದಿಲ್ಲ. ಇವತ್ತು ನಮ್ಮ ಕೈಯ ಫೋನು ದಿನಕ್ಕೆ ನಲವತ್ತು ಸಲ ನೀನು ಯಾರು ಎಂದು ಕೇಳುತ್ತದೆ. ನಾವು ತಲೆ ತಗ್ಗಿಸಿ ನಾಲ್ಕು ಅಂಕೆ ಒತ್ತಿ, ನಮ್ಮ ಪರವಾಗಿ ನಾವೇ ಉತ್ತರ ಕೊಡುತ್ತ ಮುಂದೆ ಹೋಗುತ್ತೇವೆ. ಆಗ ಪಕ್ಕದಲ್ಲಿ ನಡೆಯುತ್ತಿರುವವರು ಅರ್ಧ ಹೆಜ್ಜೆ ಹಿಂದೆ ಉಳಿದಿರುತ್ತಾರೆ. ಅವರ ಕಾಲು ಎಲ್ಲಿ ತಡೆಯುತ್ತದೆ ಎಂದು ನೋಡಲು ಚಾವಣಿಯಲ್ಲಿ ಯಾವ ಯಂತ್ರವೂ ಬೇಕಾಗಿಲ್ಲ.